ಕರಕರ ಸದ್ದೂ ಇರಲಿ

ಬೆಳಿಗ್ಗೆಯಿಂದ ಹಾರ್ಡ್ ಡಿಸ್ಕ್ ಹರವಿಕೊಂಡು ಕೂತಿದ್ದೀನಿ. ಗಂಗೂಬಾಯಿ ಹಾನಗಲ್ ಅವರ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗೋ ಗ್ರಾಮಫೋನ್ ಪ್ಲೇಟು) ಕಾಲದ ಹಾಡುಗಳನ್ನೆಲ್ಲ ಒಂದೇ ಫೋಲ್ಡರಿಗೆ ಸೇರಿಸೋ ಕೆಲಸ. ಆ ಮೊದಮೊದಲ ಪ್ಲೇಟುಗಳಲ್ಲಿ ಅವರ ಹೆಸರು ‘ಗಾಂಧಾರಿ’. ದನಿ ಎಷ್ಟು ತೆಳು, ಶ್ರುತಿ ಎಷ್ಟು ಮೇಲೆ ಅಂದ್ರೆ, ಹೆಸರು ಹೇಳದೆ ಕೇಳಿಸಿದ್ರೆ ಯಾರೂ ಗುರುತು ಹಿಡಿಯಲ್ಲ. ನಾವೆಲ್ಲ ಬಲ್ಲ ಆ ಗಂಡುದನಿ ಬಂದದ್ದು ಗಂಟಲಿನ ಚಿಕಿತ್ಸೆ ಆದಮೇಲೆ. ಯಾವುದು ಹೆಚ್ಚು ಇಷ್ಟ ಅಂತ ಕೇಳ್ಬೇಡಿ, ನನಗೆ ಎರಡೂ ಬೇಕು.

ಹತ್ತಿಂಚಿನ ಅರಗಿನ ಪ್ಲೇಟು, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಗಂಗೂಬಾಯಿಯವರದ್ದು ಹಿಂದುಸ್ತಾನಿ ಗಾಯನದ ಕಿರಾಣಾ ಘರಾಣೆ, ಅಂದ್ರೆ ಆ ಹೆಸರಿನ ಗುರುಪರಂಪರೆ; ಅವರು ಒಂದೊಂದೇ ಸ್ವರ ಹಚ್ಚುತ್ತ ರಾಗ ಬೆಳೆಸೋಕೇ ಅರ್ಧ ಗಂಟೆ ತಗೊಳ್ಳೋ ಮಂದಿ. ಅಂಥದ್ದನ್ನ ಮೂರು ನಿಮಿಷಕ್ಕೆ ಇಳಿಸೋದು ಹುಡುಗಾಟವಾ? ಆಲಾಪ ಎರಡೇ ಉಸಿರು, ತಕ್ಷಣ ಚೀಜು (ಸಾಹಿತ್ಯ ಇರೋ ಹಾಡು), ಆಮೇಲೆ ತಾನುಗಳು, ಅಂದ್ರೆ ವೇಗದ ಸ್ವರಗಳ ಸಾಲು, ದಬದಬ ಅಂತ. ಒಂದು ಸ್ವರ ದಂಡ ಆಗಿರಲ್ಲ.

ಈಗ ಕೆಲವರು ಸಾಫ್ಟ್‌ವೇರ್ ಹಾಕಿ ಮುಳ್ಳಿನ ಕರಕರ ಸದ್ದನ್ನೆಲ್ಲ ತೊಳೆದು ಕಳಿಸ್ತಾರೆ. ಪಾಪ, ಒಳ್ಳೇ ಮನಸ್ಸೇ. ಆದ್ರೆ ಆ ಸದ್ದಿನ ಜೊತೆ ತಂಬೂರಿಯ ಝೇಂಕಾರವೂ ಹೋಗ್ಬಿಡುತ್ತೆ, ದನಿ ನೀರೊಳಗಿಂದ ಬಂದ ಹಾಗಾಗುತ್ತೆ. ನಾನು ತೊಳೆಯದ ಪ್ರತಿಯನ್ನೇ ಇಟ್ಕೊಳ್ಳೋದು.

ಮುಂದಿನ ಸರದಿ ಮಲ್ಲಿಕಾರ್ಜುನ ಮನ್ಸೂರರದ್ದು. ಅವರ ಹಳೇ ಪ್ಲೇಟು ಯಾರ ಮನೆ ಅಟ್ಟದ ಮೇಲಾದ್ರೂ ಇದ್ರೆ ಲೇಬಲ್ಲಿನ ಫೋಟೋ ಸಮೇತ ತಿಳಿಸಿ. ಹೊತ್ತುಕೊಂಡು ಹೋಗಲ್ಲ, ರೆಕಾರ್ಡ್ ಮಾಡ್ಕೊಂಡು ವಾಪಸ್ ಕೊಡ್ತೀನಿ.