ಪ್ಲೇಟು ಓದದೆ ತಂದ ಪ್ಲೇನರ್

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು, ಚೌಕಟ್ಟು ಮಾಡುವ ಘಟಕವೊಂದರಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಫೋರ್‌ಮನ್ ಆಗಿದ್ದೇನೆ. ಮರ ಹೆರೆಯುವ ಪ್ಲೇನರ್ ಯಂತ್ರದ ಬ್ಲೇಡಿಗೆ ಕೈ ಹಾಕುವ ಮುನ್ನ ಮೇನ್ ಇಳಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕೆಂದು ಹುಡುಗರನ್ನು ದಿನವೂ ಗದರುವವನು ನಾನೇ. ಹಾಗಾಗಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹುಡುಗರಿಗೆಲ್ಲ ಈಗಾಗಲೇ ಗೊತ್ತಾಗಿರುವುದರಿಂದ ಮುಚ್ಚಿಟ್ಟೂ ಪ್ರಯೋಜನವಿಲ್ಲ.

ಘಟಕದ ಯಂತ್ರದಲ್ಲಿ ಸ್ವಂತದ್ದೊಂದು ಹಲಗೆಯನ್ನೂ ಹಾಯಿಸಬಾರದೆಂದು ಮಾಲೀಕರು ಕಟ್ಟಪ್ಪಣೆ ಮಾಡಿದ ಮೇಲೆ, ಮನೆಯ ಹಿಂದಿನ ತಗಡಿನ ಶೆಡ್ಡಿಗೆ, ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಒಂದು ಹಳೆಯ ಥಿಕ್‌ನೆಸ್ ಪ್ಲೇನರ್ ತರುವ ಹಟ ನನಗೆ ಹುಟ್ಟಿತು. ಹುಮನಾಬಾದಿನ ಕಡೆ ಮುಚ್ಚುತ್ತಿದ್ದ ಸಾಮಿಲ್ಲೊಂದರಲ್ಲಿ 18 ಇಂಚಿನ ಯಂತ್ರವೊಂದು ಸಿಕ್ಕಿತು. ಅದನ್ನು ನಾನು ಎರಡು ಗಂಟೆ ಪರೀಕ್ಷಿಸಿದೆ. ಹೊಸದಾಗಿ ಬಳಿದಿದ್ದ ಹಸಿರು ಬಣ್ಣವನ್ನು ಮೂಲೆಗಳಲ್ಲಿ ಕೆರೆದು, ಬೀಡುಕಬ್ಬಿಣದಲ್ಲಿ ಬಿರುಕಾಗಲಿ ಬೆಸುಗೆಯಾಗಲಿ ಅಡಗಿದೆಯೇ ಎಂದು ನೋಡಿದೆ. ಟೇಬಲ್ಲಿನ ಮೇಲೆ ಮಟ್ಟಗೋಲನ್ನು ಕರ್ಣಕ್ಕೆ ಇಟ್ಟು ಸಂದು ಅಳೆಯುವ ಫೀಲರ್ ಗೇಜು ತೂರಿಸಿದೆ. ಬ್ಲೇಡುಗಳನ್ನು ಹಿಡಿದು ತಿರುಗುವ ಕಟರ್ ಬ್ಲಾಕಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಅವುಗಳ ತಿರುಪಿನ ಮರೆ ಸವೆದಿದೆಯೇ ಎಂದು ತಡವಿದೆ. ಕಾಲು ಗಂಟೆ ಖಾಲಿ ಓಡಿಸಿ ಬೇರಿಂಗಿನ ಮೇಲೆ ಅಂಗೈ ಇಟ್ಟೆ. ಎಲ್ಲವೂ ಸರಿಯಿತ್ತು. 48,000 ರೂಪಾಯಿ ಎಣಿಸಿಕೊಟ್ಟು ಟೆಂಪೋದಲ್ಲಿ ಹೇರಿಸಿಕೊಂಡು ಬಂದೆ.

ಮರುದಿನ ನಮ್ಮ ಎಲೆಕ್ಟ್ರಿಷಿಯನ್ ಹುಡುಗ, “ಮೋಟಾರಿನ ಪ್ಲೇಟ್ ಓದೀರೇನ್ರಿ?” ಎಂದು ಕೇಳಿದ. ಮೋಟಾರಿನ ವೋಲ್ಟೇಜು, ಶಕ್ತಿ ಬರೆದಿರುವ ಆ ತಗಡನ್ನು ನಾನು ಓದಿರಲಿಲ್ಲ. ಮೋಟಾರು ತ್ರೀ ಫೇಸಿನದು. ಘಟಕದಲ್ಲಿ ತ್ರೀ ಫೇಸ್ ಗೋಡೆಯಲ್ಲೇ ಇರುತ್ತದೆ. ನನ್ನ ಮನೆಯಲ್ಲಿರುವುದು ಸಿಂಗಲ್ ಫೇಸ್. “ಡ್ರೈವ್ ಹಾಕಿದ್ರ ಆಯ್ತು ಬಿಡೋ ತಮ್ಮಾ” ಎಂದು ಅವನ ಬಾಯಿ ಮುಚ್ಚಿಸಿ, ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ಹಳೆಯ ಡ್ರೈವ್ ಒಂದನ್ನು ಗುಜರಿಯಿಂದ ತಂದು ನಾನೇ ಜೋಡಿಸಿದೆ. ಅಂಥ ಡ್ರೈವ್ ಹೊರಗೆ ಕೊಡುವುದೂ 230 ವೋಲ್ಟನ್ನೇ. ನಮ್ಮಲ್ಲಿ ಎರಡು ಎಚ್‌ಪಿಯವರೆಗಿನ ಮೋಟಾರಿನ ಸುರುಳಿಗಳ ಜೋಡಣೆ ಸಾಮಾನ್ಯವಾಗಿ ಸ್ಟಾರ್‌ನಲ್ಲಿರುವುದರಿಂದ, ಅದನ್ನು ಡೆಲ್ಟಾ ಎಂಬ ಇನ್ನೊಂದು ಜೋಡಣೆಗೆ ಬದಲಿಸಿದರೆ ಮೋಟಾರು ಆ ವೋಲ್ಟೇಜಿನಲ್ಲಿ ಸರಿಯಾಗಿ ಓಡುತ್ತದೆ. ನಾನು ತಂದದ್ದು ಐದು ಎಚ್‌ಪಿಯ ಮೋಟಾರು. ಅದು 415 ವೋಲ್ಟಿಗೇ ಡೆಲ್ಟಾದಲ್ಲಿ ಕಟ್ಟಿದ್ದು. ಅದಕ್ಕೆ 230 ಕೊಟ್ಟು ಪೂರ್ಣ ವೇಗದಲ್ಲಿ ಓಡಿಸಿದರೆ, ಅದು ಎಳೆಯಬಲ್ಲ ಗರಿಷ್ಠ ಬಲ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಮೋಟಾರಿನ ಶಕ್ತಿ, ವೋಲ್ಟೇಜು, ಡೆಲ್ಟಾ ಎಂಬುದಿಷ್ಟೂ ಪ್ಲೇಟಿನ ಒಂದೇ ಸಾಲಿನಲ್ಲಿತ್ತು, ಅದರ ಮೇಲೂ ಹಸಿರು ಬಣ್ಣ ಬಳಿದಿದ್ದರು.

ಖಾಲಿ ಓಡಿಸಿದಾಗ ಯಂತ್ರ ಗುಂಯ್‌ಗುಟ್ಟುತ್ತ ಚೆನ್ನಾಗಿಯೇ ತಿರುಗಿತು. ಎಂಟು ಇಂಚು ಅಗಲದ ಸಾಗವಾನಿ ಹಲಗೆಯನ್ನು ಎರಡು ಮಿಲಿಮೀಟರ್ ಕಚ್ಚಿಸಿ ಒಳಗೆ ಬಿಟ್ಟೆ. ಗೇಣುದ್ದ ಹೋಗುವಷ್ಟರಲ್ಲಿ ದನಿ ದಪ್ಪವಾಯಿತು, ಬೆಲ್ಟು ಕಿರುಗುಟ್ಟಿತು, ಬಳಿಕ ಎಲ್ಲವೂ ನಿಂತಿತು. ಡ್ರೈವಿನ ಪರದೆಯ ಮೇಲೆ ಏನೋ ಅಕ್ಷರಗಳು ಮಿನುಗುತ್ತಿದ್ದವು. ಹೊರೆ ತಾಳದೆ ಡ್ರೈವ್ ತಾನೇ ನಿಂತು ಟ್ರಿಪ್ ಆಗಿದೆ ಎಂದುಕೊಂಡು, ಸ್ವಿಚ್ಚನ್ನು ಹಾಗೆಯೇ ಬಿಟ್ಟು, ಟೇಬಲ್ಲನ್ನು ಎರಡು ಸುತ್ತು ಇಳಿಸಿ, ಮುಚ್ಚಳ ತೆರೆದು ಬ್ಲಾಕಿನ ಬಳಿ ಸಿಕ್ಕಿಕೊಂಡಿದ್ದ ಚಕ್ಕೆಯನ್ನು ಬೆರಳಿನಿಂದಲೇ ಕೀಳತೊಡಗಿದೆ. ಮೇನ್ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಗಿತ್ತು, ಅದು ಮನೆಯ ಮುಂಬಾಗಿಲ ಬಳಿ ಇದೆ ಎಂಬುದೂ ನೆನಪಾಗಿತ್ತು. ಚಕ್ಕೆ ಬರಲಿಲ್ಲವೆಂದು ಕೈ ಹಿಂತೆಗೆದು, ಮಗನಿಂದ ಸ್ಕ್ರೂಡ್ರೈವರ್ ಇಸಿದುಕೊಳ್ಳಲು ತಿರುಗಿದೆ. ಆಗ ಬ್ಲಾಕು ತಾನಾಗಿ ತಿರುಗಿ ಆ ಚಕ್ಕೆಯನ್ನು ಹಿಂದಿನ ತಗಡಿಗೆ ಹೊಡೆಯಿತು. ಮಗ ನಕ್ಕ. ನಾನು ಸ್ವಿಚ್ಚು ಇಳಿಸಿ, ಹಲಗೆಗಳ ರಾಶಿಯ ಮೇಲೆ ಕುಳಿತು, ಬಲಗೈಯ ಬೆರಳುಗಳನ್ನು ಸುಮ್ಮನೆ ನೋಡುತ್ತಿದ್ದೆ.

ಟ್ರಿಪ್ ಆದ ಕೆಲವು ಸೆಕೆಂಡುಗಳ ಮೇಲೆ ತಾನೇ ರೀಸೆಟ್ ಆಗಿ ಮತ್ತೆ ಚಾಲೂ ಆಗುವಂತೆ ಹಿಂದಿನವರು ಆ ಡ್ರೈವನ್ನು ಹೊಂದಿಸಿಟ್ಟಿದ್ದರು. ನೀರಿನ ಪಂಪಿಗೆ ಅದು ಅನುಕೂಲ. “ಮಷೀನ್ ನಿಂತಿತ್ತು, ಆಫ್ ಆಗಿದ್ದಿಲ್ರಿ” ಎಂದು ಎಲೆಕ್ಟ್ರಿಷಿಯನ್ ಹುಡುಗ ಎಲ್ಲರೆದುರೇ ಹೇಳಿದ. ಘಟಕದಲ್ಲಿ ವಿದ್ಯುತ್ ಕಡಿದು ಬೀಗ ಹಾಕಿಡುವ ಐಸೊಲೇಟರ್ ಸ್ವಿಚ್ಚು ಬೇಕೆಂದು ನಾನು ಎರಡು ವರ್ಷದಿಂದ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಹಾಕಿಸಿದ್ದೀರಾ ಎಂದು ಮಾಲೀಕರು ಕೇಳಿದರೆ ಈಗ ಉತ್ತರವಿಲ್ಲ.

ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಟ್ಟು ತ್ರೀ ಫೇಸ್ ತೆಗೆದುಕೊಂಡೆ. ಮೊದಲ ದಿನ ಬ್ಲಾಕು ಉಲ್ಟಾ ತಿರುಗಿತು. ಎರಡು ವೈರು ಅದಲುಬದಲು ಮಾಡಿದೆವು. ಯಂತ್ರವೇನೋ ಒಳ್ಳೆಯದೇ, ಅದೇ ಹಲಗೆಯನ್ನು ಬೆಣ್ಣೆಯಂತೆ ಕೆತ್ತುತ್ತದೆ. ಬ್ಲೇಡು ಬಿಚ್ಚುವಾಗ ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. ಹೋದ ವಾರ ಅವು ಅಂಗಿಯ ಜತೆಗೇ ಒಗೆಯಲು ಹೋಗಿ, ಮನೆಯಾಕೆಯಿಂದ ಬೈಸಿಕೊಂಡಿದ್ದೂ ಆಯಿತು.