ಮಾವ ಕೇಳಿದ ನಾಲ್ಕು ಪ್ರಶ್ನೆ

ಆಫ್ರಿಕಾದ ಟಾಂಜಾನಿಯಾದಲ್ಲಿರುವ ಕಿಲಿಮಂಜಾರೋ ಬೆಟ್ಟ ಹತ್ತುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ, "ಯಾಕೆ?" ದಾವಣಗೆರೆಯ ಮಾವ ಮಾತ್ರ ಬೇರೆ ಕೇಳಿದರು. "ನಿನ್ನ ಸಾಮಾನು ಯಾರು ಹೊರ್ತಾರವ್ವಾ?"

ಮಾವ ಮೂವತ್ತು ವರ್ಷ ಎಪಿಎಂಸಿಯಲ್ಲಿ ಹಮಾಲಿ ಮಾಡಿದವರು. ಅವರ ಕಾಲದಲ್ಲಿ ಮೂಟೆ ಅಂದರೆ ನೂರು ಕೆಜಿ. ಈಗ ಕುರ್ಚಿಯಿಂದ ಏಳುವುದಕ್ಕೂ ಎರಡು ಸಲ ಪ್ರಯತ್ನ ಬೇಕು. ಪೋರ್ಟರ್‌ಗಳು ಇರ್ತಾರೆ ಮಾವ, ಅದೆಲ್ಲ ಕಂಪನಿಯವರೇ ನೋಡಿಕೊಳ್ತಾರೆ ಅಂದೆ. ಅವರು ಬಿಡಲಿಲ್ಲ. ಒಬ್ಬೊಬ್ಬ ಎಷ್ಟು ಕೆಜಿ ಹೊರ್ತಾನೆ? ಕೂಲಿ ಆಳಿನ ಕೈಗೆ ಹೋಗುತ್ತೋ, ಮೇಸ್ತ್ರಿ ಕೈಗೋ? ಊಟ ಯಾರದು? ರಾತ್ರಿ ಎಲ್ಲಿ ಮಲಗ್ತಾರೆ?

ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಶೂ ಯಾವುದು, ಜಾಕೆಟ್ ಯಾವುದು, ಮೈನಸ್ ಹದಿನೈದು ಡಿಗ್ರಿಗೆ ಯಾವ ಸ್ಲೀಪಿಂಗ್ ಬ್ಯಾಗ್ ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಈ ಪ್ರಶ್ನೆಗಳು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಆ ಹೊತ್ತಿಗೆ ಒಂದು ಕಂಪನಿಗೆ ಮುಂಗಡ ಕಟ್ಟುವುದಷ್ಟೇ ಬಾಕಿ ಇತ್ತು. ಲೆಮೋಶೋ ದಾರಿಯಲ್ಲಿ ಎಂಟು ದಿನ, ತಲೆಗೆ 1,250 ಡಾಲರ್. ಬೇರೆಯವರು ಎರಡು ಸಾವಿರದ ಮೇಲೆ ಹೇಳುತ್ತಿದ್ದರು. ಇವರದ್ದೇ ಅಗ್ಗದ ವ್ಯಾಪಾರ ಅಂತ ನಾವು ನಾಲ್ಕು ಜನ ಗೆಳತಿಯರು ಖುಷಿಯಾಗಿದ್ದೆವು. ಮಾವನ ಪ್ರಶ್ನೆಗಳನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ಅವರಿಗೆ ಮೇಲ್ ಕಳಿಸಿದೆ. ಉತ್ತರ ಬಂತು, "ಚಿಂತೆ ಬೇಡ, ನಮ್ಮ ಪೋರ್ಟರ್‌ಗಳು ತುಂಬಾ ಖುಷಿಯಾಗಿದ್ದಾರೆ." ಕೆಳಗೆ ನಗುತ್ತಿರುವ ಪೋರ್ಟರ್‌ಗಳ ಫೋಟೋ. ಕೆಜಿ ಎಷ್ಟು, ಕೂಲಿ ಎಷ್ಟು ಅಂತ ಮತ್ತೆ ಕೇಳಿದೆ. ಈ ಸಲ ಬಂದದ್ದು ಐವತ್ತು ಡಾಲರ್ ರಿಯಾಯಿತಿ.

ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ನಾವು ಬೆಟ್ಟ ಹತ್ತಿದ ವರ್ಷ, ಬೆಟ್ಟ ಇರುವ ರಾಷ್ಟ್ರೀಯ ಉದ್ಯಾನದ ಶುಲ್ಕ ದಿನಕ್ಕೆ 70 ಡಾಲರ್, ಟೆಂಟ್ ಹಾಕುವುದಕ್ಕೆ ರಾತ್ರಿಗೆ 50, ರಕ್ಷಣಾ ಶುಲ್ಕ ಒಟ್ಟಿಗೆ 20. ಎಂಟು ಹಗಲು, ಏಳು ರಾತ್ರಿಗೆ 930 ಆಯಿತು. ಅದರ ಮೇಲೆ ನೂರಕ್ಕೆ ಹದಿನೆಂಟು ತೆರಿಗೆ. ಸುಮಾರು 1,100 ಡಾಲರ್ ಸೀದಾ ಸರ್ಕಾರಕ್ಕೆ. ಉಳಿಯುವುದು ನೂರೈವತ್ತು. ಅದರಲ್ಲಿ ಎಂಟು ದಿನದ ಊಟ, ಗಾಡಿ, ಟೆಂಟು, ಗೈಡು, ಅಡುಗೆಯವರು, ನನ್ನೊಬ್ಬಳ ಪಾಲಿಗೆ ಮೂರು ನಾಲ್ಕು ಪೋರ್ಟರ್‌ಗಳು. ಯಾವ ಮಗ್ಗಿಯಲ್ಲಿ ಗುಣಿಸಿದರೂ ಹೊಂದುವುದಿಲ್ಲ. ಶುಲ್ಕದಲ್ಲಿ ಚೌಕಾಸಿ ನಡೆಯುವುದಿಲ್ಲ. ಹಾಗಾದರೆ ಆ ದುಡ್ಡು ಎಲ್ಲಿ ಮಿಕ್ಕುತ್ತೆ? ಹೊರುವವನ ಹೊಟ್ಟೆಯಲ್ಲಿ, ಅಲ್ವಾ? ಮಾವನಿಗೆ ಫೋನಿನಲ್ಲಿ ಲೆಕ್ಕ ಒಪ್ಪಿಸಿದೆ. "ಇಷ್ಟಕ್ಕೆ ಭಾನುವಾರ ಪೂರ್ತಿ ಬೇಕಾಯ್ತಾ?" ಅಂದರು.

ಹುಡುಕುತ್ತಾ ಹೋದಾಗ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅನ್ನುವ ಸಂಸ್ಥೆ ಸಿಕ್ಕಿತು. ಬೆಟ್ಟದ ಬುಡದ ಮೋಶಿ ಪಟ್ಟಣದಲ್ಲಿ 2003ರಿಂದ ಇದೆ. ಎಲ್ಲರೂ ಕೆಪ್ಯಾಪ್ ಅನ್ನುತ್ತಾರೆ. ಪೋರ್ಟರ್‌ಗಳನ್ನು ಸರಿಯಾಗಿ ನಡೆಸಿಕೊಳ್ಳುವ ಕಂಪನಿಗಳ ಪಟ್ಟಿ ಇವರ ಹತ್ತಿರ ಇದೆ. ಪಟ್ಟಿಯಲ್ಲಿ ಸೇರುವುದಕ್ಕೆ ಇರುವ ಷರತ್ತುಗಳನ್ನು ಓದುತ್ತಾ ನಗು ಬಂತು. ಕಂಪನಿಯ ಹೊರೆ ಒಬ್ಬರಿಗೆ 20 ಕೆಜಿಗಿಂತ ಜಾಸ್ತಿ ಇರಬಾರದು. ಕೂಲಿಗೆ ಇಷ್ಟು ಅಂತ ಕನಿಷ್ಠ ದರ, ಅದು ಪೋರ್ಟರ್ ಕೈಗೇ ಸೇರಬೇಕು. ದಿನಕ್ಕೆ ಮೂರು ಹೊತ್ತು ಊಟ. ಮಲಗಲು ಸರಿಯಾದ ಟೆಂಟು. ಮಾವನ ನಾಲ್ಕು ಪ್ರಶ್ನೆ, ಹೆಚ್ಚುಕಡಿಮೆ ಅದೇ ಸಾಲಿನಲ್ಲಿ!

ನನಗೆ ಇನ್ನೂ ಹಿಡಿಸಿದ್ದು ಅವರು ಪರೀಕ್ಷೆ ಮಾಡುವ ರೀತಿ. ಕಂಪನಿಯ ಮಾತು ಕೇಳಿ ಸರ್ಟಿಫಿಕೇಟ್ ಕೊಡುವುದಿಲ್ಲ. ಚಾರಣಕ್ಕೆ ಹೋದ ಪೋರ್ಟರ್‌ಗಳಲ್ಲೇ ಒಬ್ಬರು ವಾಪಸು ಬಂದು ಏನು ತಿಂದೆವು, ಎಲ್ಲಿ ಮಲಗಿದೆವು, ಎಷ್ಟು ಹೊತ್ತೆವು ಅಂತ ವರದಿ ಕೊಡುತ್ತಾರೆ. ಪಟ್ಟಿಯಲ್ಲಿದ್ದ ಒಂದು ಕಂಪನಿಗೆ ಬರೆದೆವು. 2,300 ಡಾಲರ್ ಹೇಳಿದರು. ನಾಲ್ವರಲ್ಲಿ ಒಬ್ಬಳು ಮುಖ ಊದಿಸಿಕೊಂಡಳು. ಅವಳ ಸಿಟ್ಟು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಯಾರೂ ದುಡ್ಡಿನ ಮರ ಬೆಳೆಸಿದವರಲ್ಲ. ಸೆಪ್ಟೆಂಬರ್‌ನ ಪ್ರವಾಸವನ್ನು ಫೆಬ್ರವರಿಗೆ ಮುಂದೂಡಿ, ಐದು ತಿಂಗಳು ಚೀಟಿ ಹಾಕಿ ದುಡ್ಡು ಕೂಡಿಸಿದೆವು. ಫೆಬ್ರವರಿಯಲ್ಲೂ ಅಲ್ಲಿ ಮಳೆ ಕಡಿಮೆ. ನಷ್ಟವೇನೂ ಆಗಲಿಲ್ಲ.

ತಯಾರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಪಾರ್ಟ್‌ಮೆಂಟಿನ ಮೆಟ್ಟಿಲು, ನಂದಿ ಬೆಟ್ಟ, ಎರಡು ಸಲ ಕುಮಾರ ಪರ್ವತ. ಉಸಿರಿಗೆ ಇದೆಲ್ಲ ಸಾಲದು ಅಂತ ಗೊತ್ತಿತ್ತು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮೂರು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟರೂ 5,790. ಕಿಲಿಮಂಜಾರೋದ ಉಹುರು ಶಿಖರ 5,895. ಇನ್ನೂ 105 ಮೀಟರ್ ಬಾಕಿ. ಆ ಎತ್ತರಕ್ಕೆ ಇರುವ ಮದ್ದು ಒಂದೇ, ನಿಧಾನ. ಎಂಟು ದಿನದ ದಾರಿ ಆರಿಸಿದ್ದು ಅದಕ್ಕೇ. ಐದು ದಿನದಲ್ಲಿ ಹತ್ತಿಸುತ್ತೇವೆ ಅನ್ನುವವರೂ ಇದ್ದಾರೆ. ಅದು ಉಳಿತಾಯದ ಹೆಸರಿನಲ್ಲಿ ತಲೆನೋವು ಕೊಳ್ಳುವ ಕೆಲಸ.

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು, ಮುಂಬೈ, ನೈರೋಬಿ ಮೂಲಕ ಮೋಶಿ ತಲುಪಿದೆವು. ನನ್ನ ಮಾನ ಹೋಗಿದ್ದು ಅಲ್ಲಿಯೇ.

ಹೊರಡುವ ಹಿಂದಿನ ಸಂಜೆ ಮುಖ್ಯ ಗೈಡ್ ಹೋಟೆಲಿಗೆ ಬಂದರು. ಸ್ಪ್ರಿಂಗ್ ತಕ್ಕಡಿ ತಂದಿದ್ದರು. ಪೋರ್ಟರ್ ಹೊರುವ ನಮ್ಮ ಚೀಲ 15 ಕೆಜಿ ದಾಟಬಾರದು. ಗೆಳತಿಯರದ್ದು ಹದಿಮೂರು, ಹದಿನಾಲ್ಕು, ಹದಿನಾಲ್ಕೂವರೆ. ನನ್ನದು 18.4. ಐದು ತಿಂಗಳು ಪೋರ್ಟರ್‌ಗಳ ಬೆನ್ನಿನ ಬಗ್ಗೆ ಎಲ್ಲರಿಗೂ ಭಾಷಣ ಮಾಡಿದವಳು ನಾನೇ! ಚೀಲ ಬಿಚ್ಚಿಸಿದರು. ಒಂದು ಕೆಜಿ ಅವಲಕ್ಕಿ, ಎರಡು ಡಬ್ಬಿ ಶೇಂಗಾ ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು, ಮೂರನೇ ಜೊತೆ ಪ್ಯಾಂಟು, ಓದದೆ ವಾಪಸು ತರುವ ಒಂದು ದಪ್ಪ ಪುಸ್ತಕ. ಮುಖ ಊದಿಸಿಕೊಂಡಿದ್ದ ಗೆಳತಿ ಗೋಡೆಗೆ ಒರಗಿ ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಒಂದು ಡಬ್ಬಿ ಚಟ್ನಿಪುಡಿ ಬಿಟ್ಟು ಉಳಿದದ್ದೆಲ್ಲ ಹೋಟೆಲಿನ ಕೋಣೆ ಸೇರಿತು.

ನಾಚಿಕೆ ಮುಚ್ಚಿಕೊಳ್ಳಲು ಗೈಡ್‌ಗೆ ಮಾವನ ಕಥೆ ಹೇಳಿದೆ. ಅವರೂ ಹೊರೆ ಹೊರುತ್ತಿದ್ದರು, ನಮ್ಮ ಭಾಷೆಯಲ್ಲಿ ಹಮಾಲಿ ಅಂತೀವಿ ಅಂದೆ. ಅವರು ಹುಬ್ಬೇರಿಸಿದರು. "ಹಮಾಲಿ? ಅದು ಸ್ವಾಹಿಲಿ ಮಾತು!" ಬಂದರಿನಲ್ಲಿ, ಪೇಟೆಯಲ್ಲಿ ಮೂಟೆ ಹೊರುವವರಿಗೆ ಅವರೂ ಹಾಗೇ ಅನ್ನುತ್ತಾರಂತೆ. ಅರಬ್ಬಿ ಮಾತು ಎರಡು ಕಡೆಗೂ ಹೋಗಿದೆ. ಬೆಟ್ಟದ ಪೋರ್ಟರ್‌ಗಳಿಗೆ ಮಾತ್ರ ವಪಗಾಜಿ ಅಂತ ಬೇರೆ ಹೆಸರು. ಆಮೇಲೆ ಎಂಟು ದಿನವೂ ನಮಗೆ ಇದೇ ಆಟವಾಯಿತು. ಗಾಡಿಗೆ ಗಾರಿ, ಅಂಗಡಿಗೆ ದುಕಾ, ಚಪಾತಿಗೆ ಚಪಾತಿ. ಕೊನೆಯ ಕ್ಯಾಂಪಿನ ಹೆಸರು ಬರಾಫು, ಅಂದರೆ ಬರ್ಫ್, ಮಂಜುಗಡ್ಡೆ.

ಮಾರನೆಯ ದಿನ ಲೊಂಡೊರೊಸಿ ಗೇಟಿನಲ್ಲಿ ಮತ್ತೆ ತಕ್ಕಡಿ. ಈ ಸಲ ರೇಂಜರ್‌ಗಳದ್ದು. ಹದಿಮೂರು ಪೋರ್ಟರ್‌ಗಳು ಸಾಲಾಗಿ ನಿಂತು ಒಂದೊಂದೇ ಹೊರೆ ತೂಗಿಸಿದರು. ನಾಲ್ಕು ಜನ ಬೆಟ್ಟ ನೋಡಲು, ಅವರ ಹಿಂದೆ ಮುಂದೆ ಹದಿನೇಳು ಜನ. ಮೂವರು ಗೈಡ್, ಒಬ್ಬ ಅಡುಗೆಯವರು, ಉಳಿದವರು ಪೋರ್ಟರ್‌ಗಳು. ಅಷ್ಟು ಹೊತ್ತೂ ಕಾಗದದ ಮೇಲೆ ಅಂಕಿಯಾಗಿದ್ದವರು ಈಗ ಎದುರಿಗೆ ನಿಂತಿದ್ದರು. ನನಗೆ ಏನು ಮಾಡಬೇಕು ಗೊತ್ತಾಗಲಿಲ್ಲ. ಸುಮ್ನೆ ಹೋಗಿ ಕೈ ಕುಲುಕಿ ಹೆಸರು ಕೇಳಿದೆ. ಹದಿಮೂರರಲ್ಲಿ ಆರು ಹೆಸರು ಕ್ಯಾಂಪು ತಲುಪುವ ಮೊದಲೇ ಮರೆತೆ.

ಮೊದಲ ಕ್ಯಾಂಪು ಮ್ಟಿ ಮ್ಕುಬ್ವಾ. ದೊಡ್ಡ ಮರ ಅಂತ ಅರ್ಥ. ದೊಡ್ಡಾಲದಮರದ ಬಸ್ ಹತ್ತಿದವರಿಗೆ ಇದು ಹೊಸ ಹೆಸರಲ್ಲ. ಅಲ್ಲಿಂದ ಶಿರಾ ಬಯಲು, ಲಾವಾ ಟವರ್, ಬರಾಂಕೋ. ಲಾವಾ ಟವರ್ ಸುಮಾರು 4,600 ಮೀಟರ್. ಅಷ್ಟು ಎತ್ತರಕ್ಕೆ ಹೋಗಿ, ಮಧ್ಯಾಹ್ನದ ಊಟ ಮಾಡಿ, ಮತ್ತೆ ನಾಲ್ಕು ಸಾವಿರದ ಹತ್ತಿರಕ್ಕೆ ಇಳಿದು ಮಲಗುವುದು. ಮೈಗೆ ಎತ್ತರ ರೂಢಿಯಾಗಲಿ ಅಂತ. ದಿನವಿಡೀ ಕಿವಿಗೆ ಬೀಳುವುದು "ಪೋಲೆ ಪೋಲೆ", ನಿಧಾನ ನಿಧಾನ. ಹೇಳುವವರು ಮಾತ್ರ ತಲೆ ಮೇಲೆ ಹೊರೆ ಇಟ್ಟುಕೊಂಡು ನಮ್ಮನ್ನು ದಾಟಿ ಓಡುತ್ತಿದ್ದರು. ನಾವು ಹೊರಟ ಮೇಲೆ ಟೆಂಟು ಕಿತ್ತು, ನಮಗಿಂತ ಮೊದಲು ಹೋಗಿ ಮತ್ತೆ ಕಟ್ಟಬೇಕಲ್ಲ. ಬರಾಂಕೋ ಗೋಡೆಯಲ್ಲಿ ಎರಡು ಕೈಯಲ್ಲೂ ಬಂಡೆ ತಬ್ಬಿಕೊಂಡು ನಾನು ನಿಂತಿದ್ದೆ. ಒಬ್ಬ ಹುಡುಗ ನನ್ನ ಚೀಲವನ್ನೇ ತಲೆ ಮೇಲಿಟ್ಟುಕೊಂಡು, ಕೈ ಬಿಟ್ಟು, ಪಕ್ಕದಲ್ಲೇ ಹತ್ತಿ ಹೋದ. ಆ 3.4 ಕೆಜಿ ಇಳಿಸಿದ್ದು ಒಳ್ಳೆಯದಾಯಿತು ಅನ್ನಿಸಿತು. ಉಳಿದ ಹದಿನೈದರ ಬಗ್ಗೆ ಏನು ಅನ್ನಿಸಬೇಕು ಅಂತ ತಿಳಿಯಲಿಲ್ಲ.

ಒಂದು ಸಂಜೆ ಅವರ ಅಡುಗೆ ಟೆಂಟಿಗೆ ಹೋದೆ. ತನಿಖೆಗೆ ಬಂದಳು ಅಂದುಕೊಂಡರೇನೋ, ಮೊದಲು ಎಲ್ಲರೂ ಸುಮ್ಮನಾದರು. ಊಟ ಏನು ಅಂದೆ. ಉಗಾಲಿ, ಹುರುಳಿಕಾಯಿ ಬೀಜದ ಸಾರು. ಉಗಾಲಿ ಅಂದರೆ ಬಿಳಿ ಗೋವಿನಜೋಳದ ಹಿಟ್ಟಿನ ಮುದ್ದೆ. ನಮ್ಮ ಮೇಜಿನ ಮೇಲೆ ಸೂಪು, ಪಾಸ್ತಾ, ಪಾಪ್‌ಕಾರ್ನ್. ನನ್ನ ಜೀವ ಇಲ್ಲೇ ಇತ್ತು. ಒಂದು ತುತ್ತು ಮುರಿದು, ಚಟ್ನಿಪುಡಿ ಹಚ್ಚಿ ತಿಂದೆ. ಡಬ್ಬಿ ಅಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಅಡುಗೆಯವರು ನಮಗೂ ಒಂದು ಪಾತ್ರೆಯಲ್ಲಿ ಕಂದು ಬಣ್ಣದ ಗಂಜಿ ಕಳಿಸಿದರು. ವಾಸನೆಯಲ್ಲೇ ಗೊತ್ತಾಯಿತು, ರಾಗಿ! ಅಲ್ಲಿ ಅದು ಉಲೆಜಿ. ಬೆಟ್ಟದ ಬುಡದ ಚಗ್ಗಾ ಜನ ಬಾಳೆಹಣ್ಣಿನ ಜೊತೆ ಸೇರಿಸಿ ಬೀರು ಕೂಡ ಮಾಡುತ್ತಾರೆ. ರಾಗಿ ನಮ್ಮದು ಅಂತ ಎದೆ ತಟ್ಟಿಕೊಳ್ಳುತ್ತೇವೆ. ಅದು ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದಲೇ ನಮ್ಮಲ್ಲಿಗೆ ಬಂದದ್ದು.

ಶಿಖರದ ರಾತ್ರಿ ಬೇಗ ಹೇಳಿ ಮುಗಿಸುತ್ತೇನೆ. ನಡುರಾತ್ರಿ ಬರಾಫುವಿನಿಂದ ಹೊರಟೆವು. ಬಾಟಲಿಯ ನೀರು ಗಡ್ಡೆ ಕಟ್ಟಿತು. ಎರಡು ಸಲ ವಾಂತಿ. ಸ್ಟೆಲ್ಲಾ ಪಾಯಿಂಟ್ ಮುಟ್ಟಿದಾಗ ಬೆಳಕು ಹರಿದಿತ್ತು. 5,756 ಮೀಟರ್. ಎತ್ತರದ ಕಾಯಿಲೆ ತಲೆಗೇರಿದೆಯಾ ಅಂತ ನೋಡಲು ಗೈಡ್ ನನ್ನನ್ನು ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆ ಅಂದರು. ಮೂರು ಹೆಜ್ಜೆಗೆ ವಾಲಿದೆ. "ನಿನಗೆ ಇಲ್ಲಿಗೆ ಸಾಕು" ಅಂದರು. ಉಹುರು ಇನ್ನು 139 ಮೀಟರ್ ಅಷ್ಟೇ, ಕಣ್ಣಿಗೆ ಕಾಣುತ್ತಿತ್ತು. ಅತ್ತುಬಿಟ್ಟೆ. ಜಗಳ ಮಾಡಿದೆ. ಇಷ್ಟು ದುಡ್ಡು ಕೊಟ್ಟಿದ್ದೇನೆ ಅಂತಲೂ ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ನೆನೆದರೆ ಇವತ್ತಿಗೂ ಮುಜುಗರ. ಅವರು ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. ಸಹಾಯಕ ಗೈಡ್ ನನ್ನ ತೋಳು ಹಿಡಿದು ಇಳಿಸಿದರು. ಅರ್ಧ ದಾರಿಗೆ ಕ್ಯಾಂಪಿನಿಂದ ಒಬ್ಬ ಪೋರ್ಟರ್ ಜ್ಯೂಸು ಹಿಡಿದು ಹತ್ತಿ ಬಂದಿದ್ದ. ಬರಾಂಕೋ ಗೋಡೆಯ ಅದೇ ಹುಡುಗ. ಬೆನ್ನಿನ ಚೀಲವನ್ನೂ ತೆಗೆದುಕೊಂಡ. ನಾನು ಬೇಡ ಅನ್ನಲಿಲ್ಲ. ಕೆಳಗೆ ಇಳಿದಂತೆ ತಲೆನೋವು ಮಾಯವಾಯಿತು. ಗೆಳತಿಯರು ಮೂವರೂ ಉಹುರು ಮುಟ್ಟಿ ಬಂದರು. ನನ್ನದು ಮೂರು ಮುಳ್ಳಯ್ಯನಗಿರಿಗೆ 34 ಮೀಟರ್ ಕಡಿಮೆ.

ಮ್ವೆಕಾ ಕ್ಯಾಂಪಿನಲ್ಲಿ ಕೊನೆಯ ಬೆಳಿಗ್ಗೆ ಟಿಪ್ಸ್ ಕೊಡುವ ಹೊತ್ತು. ಇದನ್ನು ಗೈಡ್ ಕೈಗೆ ಲಕೋಟೆ ಕೊಟ್ಟು ಮುಗಿಸಬಾರದು ಅಂತ ಮೊದಲೇ ಓದಿಕೊಂಡಿದ್ದೆವು. ಹದಿನೇಳೂ ಜನರನ್ನು ಸೇರಿಸಿ, ಪೋರ್ಟರ್‌ಗೆ ಎಷ್ಟು, ಅಡುಗೆಯವರಿಗೆ ಎಷ್ಟು, ಗೈಡ್‌ಗೆ ಎಷ್ಟು ಅಂತ ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳಿದೆ. ಸಹಾಯಕ ಗೈಡ್ ಅದನ್ನೇ ಸ್ವಾಹಿಲಿಯಲ್ಲಿ ಹೇಳಿದರು. ಹಾಡು, ಕುಣಿತ ಆಯಿತು. ಗೇಟಿನಲ್ಲಿ ಕೊನೆಯ ತಕ್ಕಡಿ, ಈ ಸಲ ಕಸದ್ದು. ಮೇಲೆ ಒಯ್ದದ್ದರ ಕಸ ಕೆಳಗೆ ಬರಬೇಕು.

ಹೋಟೆಲಿಗೆ ಬಂದು ಮಾವನಿಗೆ ಫೋನ್ ಮಾಡಿದೆ. ತುದಿ ಮುಟ್ಟಲಿಲ್ಲ ಮಾವ ಅಂದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಕೂಲಿ ಕೈಗೆ ಬಂತಾ ಅವರಿಗೆ?"

"ಟಿಪ್ಸ್ ನಮ್ಮೆದುರಿಗೇ ಕೊಟ್ವಿ. ಕೂಲಿ ಕಂಪನಿ ಕೊಡಬೇಕು. ಕೊಟ್ಟಿದೆಯಾ ಅಂತ ಕೆಪ್ಯಾಪ್‌ನವರು ಅವರನ್ನೇ ಕೇಳ್ತಾರೆ."

"ಊಟ?"

"ಮುದ್ದೆ, ಕಾಳಿನ ಸಾರು. ಬೆಳಿಗ್ಗೆ ರಾಗಿ ಗಂಜಿ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ರಾಗಿ ಗಂಜಿಗೆ ಮಜ್ಜಿಗೆ ಹಾಕ್ತಾರಾ, ಬೆಲ್ಲಾನಾ?" ಅಂದರು.