ಕಡಲೆ ಹೊಲದಲ್ಲಿ ಸಿಕ್ಕ ನಕ್ಷೆ

ಎಳ್ಳ ಅಮಾವಾಸ್ಯೆಗೆ ಹತ್ತು ದಿನ ಇರುವಾಗ ನನಗೆ ಒಂದು ಹೂದಾನಿಯ ಕೆಲಸ ಬಂತು. ಒಂದೂವರೆ ಗೇಣು ಎತ್ತರದ್ದು. ಮಾಡಿಸುವವರು ಹೇಳಿದ್ದು ಒಂದೇ ಮಾತು: "ಹಳೇ ಬೂಟಿ, ಹಳೇ ಬಳ್ಳಿ ಬೇಡ. ಬೇರೆ ಏನಾದರೂ ಮಾಡಿಕೊಡಿ."

ಬೀದರಿನಲ್ಲಿ ನಾನು ಬಿದರಿ ಕೆಲಸ ಮಾಡುತ್ತೇನೆ. ನಕ್ಷೆ ಕೊರೆದು ಬೆಳ್ಳಿ ತಂತಿ ಕೂರಿಸುವುದು ನನ್ನ ಪಾಲು. ಎರಕ ಹೊಯ್ಯುವುದು, ಕೊನೆಗೆ ಕಪ್ಪು ಮಾಡುವುದು ಉಸ್ತಾದರ ಪಾಲು. ಹೆಚ್ಚುಕಮ್ಮಿ 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಮೈಯೆಲ್ಲ ಕಪ್ಪಾಗುತ್ತದೆ. ಅದರ ಮೇಲೆ ಉಕ್ಕಿನ ಮೊನೆಯಿಂದ ಎಳೆದ ಗೆರೆ ಬೆಳ್ಳಗೆ ಕಾಣುತ್ತದೆ. ಅಳಿಸಿ ತಿದ್ದುವ ಮಾತೇ ಇಲ್ಲ. ಹಾಗಾಗಿ ಮೊದಲು ಕಾಗದದ ಮೇಲೆ ಬರೆದು ನೋಡುವುದು ನನ್ನ ಪದ್ಧತಿ.

ಆ ವಾರ ಎಷ್ಟು ಕಾಗದ ಹರಿದೆನೋ ಲೆಕ್ಕವಿಲ್ಲ. ಮೊಬೈಲ್‌ನಲ್ಲಿ ಹುಡುಕಿದೆ. ನವಿಲು ಬರೆದೆ, ಕಮಲ ಬರೆದೆ, ಯಾವುದೋ ದೇಶದ ಬಳ್ಳಿ ಬರೆದೆ. ಎಲ್ಲಾದರೂ ಖಾಲಿ ಜಾಗ ಕಂಡರೆ ಅಲ್ಲೊಂದು ಎಲೆ, ಎಲೆಯ ಪಕ್ಕ ಮತ್ತೊಂದು ಮೊಗ್ಗು. ಉಸ್ತಾದರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಈ ಬಳ್ಳಿ ನೀ ನೋಡೀದೇನು ಬೇಟಾ? ಎಲ್ಲಿ ಬೆಳೀತದ ಇದು?"

ಉತ್ತರ ಗೊತ್ತಿರಲಿಲ್ಲ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ. ಅವರು ಗದರಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅವತ್ತು ರಾತ್ರಿ ತಮ್ಮನ ಫೋನ್ ಬಂತು. "ಅಕ್ಕಾ, ಹಬ್ಬಕ್ಕರೆ ಬರ್ತೀಯೋ ಇಲ್ಲೋ? ಅವ್ವ ಒಂದೇ ಸಮ ಕೇಳ್ಲತ್ತಾಳ." ಹೋಗುವ ಮನಸ್ಸಿರಲಿಲ್ಲ. ಆದರೂ ಹಬ್ಬದ ಹಿಂದಿನ ದಿನ ಭಾಲ್ಕಿ ಬಸ್ ಹತ್ತಿದೆ. ನನ್ನ ತವರು ಆ ತಾಲೂಕಿನ ಒಂದು ಸಣ್ಣ ಹಳ್ಳಿ. ಬೀದರ ಕೋಟೆಯ ಸುತ್ತಲಿನ ಮಣ್ಣು ಕೆಂಪು. ನಮ್ಮೂರಿನದು ಎರೆಮಣ್ಣು, ಕಪ್ಪು.

ನಮ್ಮ ಕಡೆ ಎಳ್ಳ ಅಮಾವಾಸ್ಯೆ ಎಂದರೆ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ ಇದು. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯೆ ಸೊಪ್ಪು, ಬದನೆಕಾಯಿ, ಇನ್ನೂ ಸಿಕ್ಕಿದ್ದೆಲ್ಲ ಹಾಕಿ, ಹುಣಸೆ ಹುಳಿ, ಕಡಲೆ ಹಿಟ್ಟು ಕೂಡಿಸಿ ಕುದಿಸುವ ಪಲ್ಯ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಅಂಬಲಿ. ಹಿಂದಿನ ರಾತ್ರಿ ಮನೆಯ ಹೆಂಗಸರೆಲ್ಲ ಮೊರ ಮುಂದಿಟ್ಟುಕೊಂಡು ಕಾಳು ಸುಲಿಯುತ್ತಾ ಕೂರುತ್ತೇವೆ. ಹಸಿ ತೊಗರಿ ಸಿಪ್ಪೆ ಬಿಡಿಸಿದಾಗ ಬರುವ ವಾಸನೆ ನನಗೆ ಯಾವ ಅತ್ತರಿಗಿಂತಲೂ ಇಷ್ಟ. ಉಗುರಿನ ಸಂದೆಲ್ಲ ಹಸಿರು. ಅವ್ವ ಒಂದೊಂದು ಕಾಯಿಯನ್ನೂ ಬೆಳಕಿಗೆ ಹಿಡಿದು, ಹುಳ ಇದೆಯಾ ನೋಡಿ ಬಿಡಿಸುತ್ತಿದ್ದಳು. ಎರಡು ತಾಸು ಹೂದಾನಿ ನನ್ನ ತಲೆಗೆ ಬರಲೇ ಇಲ್ಲ.

ಬೆಳಿಗ್ಗೆ ತಮ್ಮ ಬೇಗ ಹೊಲಕ್ಕೆ ಹೊರಟ. ಜೋಳದ ದಂಟು ಕೂಡಿಸಿ ಕೊಂಪೆ ಕಟ್ಟಬೇಕು, ಅದರೊಳಗೆ ಪಾಂಡವರೆಂದು ಐದು ಕಲ್ಲು ಇಡಬೇಕು. ನಾನೂ ಸುಮ್ನೆ ಜೊತೆಗೆ ಹೋದೆ. ಶಾಲು ಹೊದ್ದರೂ ಬಿಡದಂಥ ಚಳಿ. ಅವನು ದಂಟು ಕೊಯ್ಯುವಾಗ ನಾನು ಪಕ್ಕದ ಕಡಲೆ ಹೊಲದ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಆಗಷ್ಟೇ ಸೂರ್ಯ ಎದ್ದಿದ್ದ.

ಕಡಲೆ ಗಿಡದ ಎಲೆ ಹತ್ತಿರದಿಂದ ನೋಡಿದ್ದೀರಾ? ಒಂದು ಕಡ್ಡಿಗೆ ಎರಡೂ ಕಡೆ ಸಣ್ಣ ಸಣ್ಣ ಎಲೆ. ನಾನು ಎಣಿಸಿದ ಕಡ್ಡಿಯಲ್ಲಿ 13 ಇದ್ದವು. ಪ್ರತಿ ಎಲೆಯ ಅಂಚೂ ಗರಗಸದ ಹಾಗೆ. ಮೈ ತುಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ರೋಮ. ಆ ರೋಮದ ತುದಿಯಲ್ಲಿ ಗಿಡ ತಾನೇ ಹುಳಿ ಬಿಡುತ್ತದೆ. ಅದರ ಜೊತೆ ಇಬ್ಬನಿಯೂ ಸೇರಿ, ಎಲೆಯ ಅಂಚಿನ ಹಲ್ಲು ಹಲ್ಲಿಗೂ ಒಂದೊಂದು ಹನಿ ನಿಂತಿತ್ತು. ಎಲ್ಲ ಹನಿ ಒಂದೇ ಗಾತ್ರ ಅಲ್ಲ. ತುದಿಯ ಎಲೆಯಲ್ಲಿ ದಪ್ಪ, ಕಡ್ಡಿಯ ಬುಡಕ್ಕೆ ಬಂದ ಹಾಗೆ ಸಾಸಿವೆಗಿಂತ ಸಣ್ಣ.

ಬಿಸಿಲು ಓರೆಯಾಗಿ ಬಿತ್ತು. ಗಿಡದ ಹಸಿರು ನೆರಳಲ್ಲಿ ಮಾಯವಾಯಿತು. ಉಳಿದದ್ದು ಕಪ್ಪು ಮಣ್ಣು, ಅದರ ಮೇಲೆ ಬೆಳ್ಳಿ ಚುಕ್ಕಿ. ಎಲೆ ಕಾಣದಿದ್ದರೂ ಎಲೆ ಇರುವುದು ಗೊತ್ತಾಗುತ್ತಿತ್ತು. ಹನಿಗಳೇ ಅದನ್ನು ಬರೆದಿದ್ದವು.

ನಾನು ದಿನಾ ಕೈಯಲ್ಲಿ ಹಿಡಿಯುವುದು ಇದನ್ನೇ ಅಲ್ವಾ! ಕಪ್ಪಿನ ಮೇಲೆ ಬೆಳ್ಳಿ. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪನ್ನು ಎಷ್ಟು ಸಲ ನೋಡಿಲ್ಲ. ಆದರೆ ನಾನು ಆ ಕಪ್ಪನ್ನು ಖಾಲಿ ಜಾಗ ಅಂದುಕೊಂಡಿದ್ದೆ. ಹೆದರಿ ಹೆದರಿ ತುಂಬಿಸುತ್ತಿದ್ದೆ. ಇಲ್ಲಿ ಕಪ್ಪು ಎಂದರೆ ಹೊಲ. ಅದರಿಂದಲೇ ಗಿಡ ಎದ್ದಿದೆ.

ಕಾಗದ ಇರಲಿಲ್ಲ. ಒಂದು ತೊಗರಿ ಕಡ್ಡಿ ಮುರಿದು ಒದ್ದೆ ಮಣ್ಣಿನ ಮೇಲೆ ಚುಕ್ಕಿ ಇಡತೊಡಗಿದೆ. ತಮ್ಮ ಬಂದು ನೋಡಿದ. "ರಂಗೋಲಿ ಹಾಕ್ಲತ್ತೀ ಏನಕ್ಕ?" ಆಮೇಲೆ ಜೇಬಿನಿಂದ ಗೊಬ್ಬರದ ಲೆಕ್ಕ ಬರೆಯುವ ಸಣ್ಣ ಡೈರಿ ತೆಗೆದು ಕೊಟ್ಟ. ಅದರ ನಾಲ್ಕು ಹಾಳೆ ತುಂಬಿಸಿದೆ. ಬೆರಳು ಬಾಯಿಗಿಟ್ಟರೆ ಹುಳಿ ಹುಳಿ. ಚಿಕ್ಕವರಿದ್ದಾಗ ಅವ್ವ ರಾತ್ರಿ ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿ ಶೀಶೆಯಲ್ಲಿ ತುಂಬಿಡುತ್ತಿದ್ದಳು. ಹೊಟ್ಟೆನೋವಿಗೆ ಅದೇ ಮದ್ದು. ಎಂಟು ಗಂಟೆ ದಾಟುವಷ್ಟರಲ್ಲಿ ಹನಿ ಒಂದೂ ಉಳಿದಿರಲಿಲ್ಲ. ಮಧ್ಯಾಹ್ನ ಎಲ್ಲರೂ ಬಂದರು, ಪೂಜೆ ಆಯಿತು, ಹಬ್ಬದ ಅಡುಗೆಯನ್ನು ಹೊಲದ ತುಂಬ ಎರಚಿ ಚರಗ ಚೆಲ್ಲಿದರು. ನಾನು ಭಜ್ಜಿ ಮೂರು ಸಲ ಹಾಕಿಸಿಕೊಂಡೆ.

ಬೀದರಿಗೆ ವಾಪಸ್ ಬಂದು ಮೊದಲು ಒಂದು ಸಣ್ಣ ತಗಡಿನ ಮೇಲೆ ಮಾಡಿ ನೋಡಿದೆ. ಕೆಟ್ಟಿತು. ಹನಿಗಳನ್ನೆಲ್ಲ ಒಂದೇ ಅಳತೆಗೆ ಕೊರೆದಿದ್ದೆ. ಅದೇ ಹಳೇ ಬೂಟಿಯ ಹಾಗೆ ಕಂಡಿತು. ಡೈರಿ ಹಾಳೆ ತೆಗೆದು ಮತ್ತೆ ನೋಡಿದೆ. ತುದಿಗೆ ದಪ್ಪ, ಬುಡಕ್ಕೆ ಸಣ್ಣ. ನಾಲ್ಕು ಅಳತೆಯ ತಂತಿ ಬೇಕಾಯಿತು. ಹೂದಾನಿಯ ಬುಡದಿಂದ ಒಂದೇ ಗಿಡ ಏಳುತ್ತದೆ. ಕಡ್ಡಿಗೆ ಮಾತ್ರ ತಾರಕಶಿ, ಅಂದರೆ ತಂತಿ ಕೂರಿಸಿದ ಗೆರೆ. ಎಲೆಗೆ ಗೆರೆಯೇ ಇಲ್ಲ, ಬರೀ ಹನಿ. 600ಕ್ಕೂ ಜಾಸ್ತಿ. ಒಂದೊಂದಕ್ಕೂ ಗುಳಿ ತೋಡಿ, ಬೆಳ್ಳಿ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಮೇಲಿನ ಅರ್ಧ ಹೂದಾನಿ ಹಾಗೇ ಬಿಟ್ಟೆ. ಕೈ ತುರಿಸುತ್ತಿತ್ತು, ಆದರೂ ಬಿಟ್ಟೆ.

ಸಾಣೆ ಹಿಡಿದರೆ ಮೈಲುತುತ್ತದ ಕಪ್ಪು ಹೋಗುತ್ತದೆ. ಆಮೇಲೆ ಬೆಳ್ಳಿಗೂ ಲೋಹಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನಕ್ಷೆ ಹೋಯಿತೇನೋ ಅನ್ನುವ ಹಾಗಿರುತ್ತದೆ. ಉಸ್ತಾದರು ಕೋಟೆಯ ಮಣ್ಣು ತೆಗೆದರು. ಹಳೇ ಕಟ್ಟಡದೊಳಗೆ ಮಳೆ ಬಿಸಿಲು ತಾಗದೆ ಇದ್ದ ಮಣ್ಣು ಅದು. ಚಿಟಿಕೆ ನಾಲಿಗೆಗಿಟ್ಟು ರುಚಿ ನೋಡಿದರು. ನವಸಾಗರದ ಜೊತೆ ನೀರಲ್ಲಿ ಕುದಿಸಿ, ಹೂದಾನಿ ಬಿಸಿ ಮಾಡಿ ಆ ನೀರಿಗೆ ಹಿಡಿದರು. ಲೋಹ ಕಪ್ಪಾಯಿತು. ಬೆಳ್ಳಿ ಬೆಳ್ಳಗೇ ಉಳಿಯಿತು. ತೊಳೆದು, ಎಣ್ಣೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ ಉಸ್ತಾದರು ಕೇಳಿದರು, "ಕಡ್ಲಿ?" ನಾನು ಹೂಂ ಅಂದೆ. ಅವರು ಮತ್ತೇನೂ ಹೇಳಲಿಲ್ಲ. ಆದರೆ ಸಂಜೆವರೆಗೂ ಅದನ್ನು ಕಪಾಟಿಗೆ ಇಡಗೊಡಲಿಲ್ಲ, ತಮ್ಮ ಮುಂದೇ ಇಟ್ಟುಕೊಂಡಿದ್ದರು.

ಕೊಡುವ ಮೊದಲು ತಮ್ಮನಿಗೆ ವಿಡಿಯೊ ಕಾಲ್ ಮಾಡಿ ಅವ್ವನಿಗೆ ತೋರಿಸು ಅಂದೆ. ಅವ್ವ ಫೋನನ್ನು ಮುಖದ ಹತ್ತಿರ ಹಿಡಿದಳು. ತುಂಬ ಹೊತ್ತು ನೋಡಿದಳು.

"ನಮ್ಮ ಹೊಲ," ಅಂದಳು. "ಇನ್ನಾ ಬಿಸಲು ಏರಿಲ್ಲ."